ಸುರುಳಿ ಸಂವೇದಕಕ್ಕೆ ಅತಿ ಕಡಿಮೆ ನಾಯ್ಸ್‌ನ ವರ್ಧಕ ಹಾಕಿದರೂ ನಾಯ್ಸ್ ಇಳಿಯುತ್ತಿಲ್ಲ, ಏಕೆ?

ಕಾಂತಕುತೂಹಲಿ · ಸೋಮವಾರ, ಬೆಳಿಗ್ಗೆ 8:40

ನಾವು ನಾಲ್ವರು ವಿದ್ಯಾರ್ಥಿಗಳು ಒಂದು ಪುಟ್ಟ ಉಪಗ್ರಹಕ್ಕಾಗಿ ಸುರುಳಿ ಸಂವೇದಕವನ್ನು, ಅಂದರೆ ಬದಲಾಗುವ ಕಾಂತಕ್ಷೇತ್ರವನ್ನು ತಂತಿಯ ಸುರುಳಿಯಿಂದ ಅಳೆಯುವ ಸಾಧನವನ್ನು, ಕಟ್ಟುತ್ತಿದ್ದೇವೆ. ಬಾಹ್ಯಾಕಾಶದ ಪ್ಲಾಸ್ಮಾದಲ್ಲಿ ಹರಿದಾಡುವ ವಿಸ್ಲರ್ ಎಂಬ ಕಡಿಮೆ ಆವರ್ತನದ ವಿದ್ಯುತ್ಕಾಂತೀಯ ಅಲೆಗಳ ಕಾಂತೀಯ ಭಾಗವನ್ನು 10 ಹರ್ಟ್ಜ್‌ನಿಂದ 3 ಕಿಲೋಹರ್ಟ್ಜ್‌ವರೆಗೆ ಅಳೆಯಬೇಕೆಂಬುದು ಗುರಿ. 150 ಮಿಲಿಮೀಟರ್ ಉದ್ದದ, 4 ಮಿಲಿಮೀಟರ್ ಚೌಕದ ಫೆರೈಟ್ ದಂಡಕ್ಕೆ 15,000 ಸುತ್ತು ತಂತಿ ಸುತ್ತಿದ್ದೇವೆ. ತಂತಿಯ ರೋಧ 1.2 ಕಿಲೋಓಮ್, ಪ್ರೇರಕತ್ವ 12 ಹೆನ್ರಿ. ಸುರುಳಿಯದೂ ವರ್ಧಕದ ಪ್ರವೇಶದ್ದೂ ಸೇರಿ ಸುಮಾರು 150 ಪಿಕೊಫ್ಯಾರಡ್ ಧಾರಕತ್ವ ಇದೆ, ಹಾಗಾಗಿ ಅನುರಣನ (ಸುರುಳಿ ಅತಿ ಹೆಚ್ಚು ಸ್ಪಂದಿಸುವ ಆವರ್ತನ) 3.7 ಕಿಲೋಹರ್ಟ್ಜ್ ಸಮೀಪ ಬರುತ್ತದೆ.

ವರ್ಧಕಕ್ಕೆ ಎಲ್‌ಟಿ1028 ಎಂಬ ಚಿಪ್ ಆರಿಸಿಕೊಂಡೆವು. 1 ಕಿಲೋಹರ್ಟ್ಜ್‌ನಲ್ಲಿ ಅದರ ನಾಯ್ಸ್ (ಸಂಕೇತದೊಂದಿಗೆ ಬೆರೆಯುವ ಬೇಡದ ಏರಿಳಿತ) 0.85 ನ್ಯಾನೊವೋಲ್ಟ್/√ಹರ್ಟ್ಜ್ ಎಂದು ಮಾಹಿತಿ ಹಾಳೆಯಲ್ಲಿದೆ. 1.2 ಕಿಲೋಓಮ್ ತಂತಿಯ ಉಷ್ಣ ನಾಯ್ಸ್ 4.5 ನ್ಯಾನೊವೋಲ್ಟ್ ಆಗುತ್ತದೆ, ಅಂದರೆ ವರ್ಧಕದ ಪಾಲು ಕಾಣಿಸಲೇಬಾರದು. ಆದರೆ ಹೊರಗಿನ ಕಾಂತಕ್ಷೇತ್ರವನ್ನು ತಡೆಯುವ ಮ್ಯೂಮೆಟಲ್ ಡಬ್ಬಿಯೊಳಗೆ ಇಟ್ಟು ಅಳೆದರೆ 1 ಕಿಲೋಹರ್ಟ್ಜ್‌ನಲ್ಲಿ 85 ನ್ಯಾನೊವೋಲ್ಟ್ ಬರುತ್ತಿದೆ! ಬ್ಯಾಟರಿ ಬದಲಿಸಿದೆವು, ಬೆಸುಗೆ ಮತ್ತೆ ಹಾಕಿದೆವು, ಎರಡನೇ ಡಬ್ಬಿ ಮುಚ್ಚಿದೆವು. ಎಳ್ಳಷ್ಟೂ ಇಳಿಯಲಿಲ್ಲ. ಎಲ್ಲಿ ತಪ್ಪಿದ್ದೇವೆ?

ಬೆಸುಗೆಕಡ್ಡಿ · ಸೋಮವಾರ, ಬೆಳಿಗ್ಗೆ 9:02

ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ? ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಸಲ ತಪ್ಪಿರುವುದು ಮುಚ್ಚಳದಲ್ಲೇ.

ಮೂಲಹರ್ಟ್ಜ್ · ಸೋಮವಾರ, ಬೆಳಿಗ್ಗೆ 9:31

ಮುಚ್ಚಳದ ತಪ್ಪಲ್ಲ. ಮುಚ್ಚಳದಿಂದ ಸೋರಿದ್ದರೆ ಊರಿನ ವಿದ್ಯುತ್ ಪೂರೈಕೆಯಿಂದ ಬರುವ 50, 150, 250 ಹರ್ಟ್ಜ್‌ಗಳಲ್ಲಿ ಚೂಪಾದ ಗೆರೆಗಳು ಕಾಣುತ್ತಿದ್ದವು. ನೀವು ಹೇಳುತ್ತಿರುವುದು 1 ಕಿಲೋಹರ್ಟ್ಜ್ ಸುತ್ತಲಿನ ಹರಡಿದ ನೆಲಮಟ್ಟ.

ಮಾಹಿತಿ ಹಾಳೆಯಲ್ಲಿ ನೀವು ಓದಿದ ಸಾಲಿನ ಕೆಳಗೆ ಇನ್ನೊಂದು ಸಾಲಿದೆ: ಪ್ರವಾಹದ ನಾಯ್ಸ್. ಎಲ್‌ಟಿ1028ಕ್ಕೆ ಅದು 1 ಕಿಲೋಹರ್ಟ್ಜ್‌ನಲ್ಲಿ 1 ಪಿಕೊಆಂಪಿಯರ್, 10 ಹರ್ಟ್ಜ್‌ನಲ್ಲಿ 4.7 ಪಿಕೊಆಂಪಿಯರ್. ಪ್ರತಿ ಸಲ √ಹರ್ಟ್ಜ್ ಬರೆಯುವುದಿಲ್ಲ, ಎಲ್ಲ ಕಡೆಯೂ ಸೇರಿಸಿಕೊಂಡು ಓದಿ. ಈ ಪ್ರವಾಹ ಹರಿಯುವುದು ನಿಮ್ಮ ಸುರುಳಿಯೊಳಗೆ. ಸುರುಳಿಯನ್ನು 1.2 ಕಿಲೋಓಮ್ ಎಂದು ಲೆಕ್ಕ ಹಾಕಿದ್ದೀರಿ, ಆದರೆ ಅದು ನೇರ ವಿದ್ಯುತ್ತಿಗೆ ಮಾತ್ರ ನಿಜ. 1 ಕಿಲೋಹರ್ಟ್ಜ್‌ನಲ್ಲಿ 12 ಹೆನ್ರಿ ಎಂದರೆ 75 ಕಿಲೋಓಮ್. ಅನುರಣನ ಹತ್ತಿರವಿರುವುದರಿಂದ ಅದು 81 ಕಿಲೋಓಮ್‌ಗೆ ಏರುತ್ತದೆ. ಒಂದು ಪಿಕೊಆಂಪಿಯರನ್ನು 81 ಕಿಲೋಓಮ್‌ನಿಂದ ಗುಣಿಸಿ: 81 ನ್ಯಾನೊವೋಲ್ಟ್. ನಿಮ್ಮ 85 ಅಲ್ಲೇ ಇದೆ.

ವರ್ಧಕ ಕೆಟ್ಟದ್ದಲ್ಲ. 50 ಓಮ್ ಮೂಲಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನಿಮ್ಮ ಸುರುಳಿಗೆ ಅದು ಹೊಂದುವುದಿಲ್ಲ, ಅಷ್ಟೇ.

ಕಾಂತಕುತೂಹಲಿ · ಸೋಮವಾರ, ಬೆಳಿಗ್ಗೆ 9:47

ಮೂರು ವಾರ ಡಬ್ಬಿಯ ಹಿಂದೆ ಬಿದ್ದಿದ್ದೆವು. ಉತ್ತರ ಒಂದೇ ಗುಣಾಕಾರದಲ್ಲಿತ್ತು. ಬಹಳ ಧನ್ಯವಾದಗಳು. ಹಾಗಾದರೆ ಯಾವ ವರ್ಧಕ?

ಗೇಟ್‌ವಾಸಿ · ಸೋಮವಾರ, ಬೆಳಿಗ್ಗೆ 10:15

ಜೆಫೆಟ್. ಪ್ರವೇಶದ ತುದಿಯಾದ ಗೇಟಿಗೆ ಹೆಚ್ಚುಕಡಿಮೆ ಪ್ರವಾಹವೇ ಹರಿಯದ ಬಗೆಯ ಟ್ರಾನ್ಸಿಸ್ಟರ್ ಅದು. ಬಿಡಿ ಜೆಫೆಟ್ ಜೋಡಿಯೊಂದನ್ನು ಮುಂದಿಟ್ಟು, ಅದರ ಹಿಂದೆ ಯಾವುದಾದರೂ ಸಾಧಾರಣ ಆಪ್ ಆಂಪ್ (ಸಿದ್ಧ ವರ್ಧಕ ಚಿಪ್) ಇಡಿ. ಎಲ್‌ಎಸ್‌ಕೆ389 ತರಹದ ಜೋಡಿ ಕೆಲವು ಮಿಲಿಆಂಪಿಯರ್ ಪ್ರವಾಹದಲ್ಲಿ 1 ನ್ಯಾನೊವೋಲ್ಟ್ ಸಮೀಪ ಬರುತ್ತದೆ. ಪ್ರವಾಹದ ನಾಯ್ಸ್ ಕೆಲವು ಫೆಮ್ಟೊಆಂಪಿಯರ್ ಮಾತ್ರ. 5 ಫೆಮ್ಟೊಆಂಪಿಯರನ್ನು 81 ಕಿಲೋಓಮ್‌ನಿಂದ ಗುಣಿಸಿದರೆ 0.4 ನ್ಯಾನೊವೋಲ್ಟ್. ಆಗ ಉಳಿಯುವುದು ತಂತಿಯ 4.5 ಮಾತ್ರ, ಅದನ್ನು ಕಡಿಮೆ ಮಾಡಬೇಕಿದ್ದರೆ ತಂತಿಯನ್ನೇ ದಪ್ಪ ಮಾಡಬೇಕು.

ಇನ್ನೂ ಒಳ್ಳೆಯದು ಬೇಕಿದ್ದರೆ ಎಂಟು ಜೆಫೆಟ್‌ಗಳನ್ನು ಸಮಾಂತರವಾಗಿ ಜೋಡಿಸಿ. ವೋಲ್ಟೇಜಿನ ನಾಯ್ಸ್ ಎಂಟರ ವರ್ಗಮೂಲದಷ್ಟು ಇಳಿಯುತ್ತದೆ.

ಮೂಲಹರ್ಟ್ಜ್ · ಸೋಮವಾರ, ಬೆಳಿಗ್ಗೆ 10:38

ಜೆಫೆಟ್ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ. ಎಂಟು ಎಂಬುದಕ್ಕೆ ಪೂರ್ಣ ವಿರೋಧ.

ನಾಯ್ಸ್‌ಗಳು ನೇರವಾಗಿ ಕೂಡುವುದಿಲ್ಲ, ವರ್ಗಗಳಾಗಿ ಕೂಡುತ್ತವೆ. 4.5ರ ಜೊತೆ 1 ಸೇರಿದರೆ 4.6. ಎಂಟು ಜೆಫೆಟ್ ಹಾಕಿ 1ನ್ನು 0.35ಕ್ಕೆ ಇಳಿಸಿದರೆ 4.5. ಇಷ್ಟಕ್ಕಾಗಿ ವಿದ್ಯುತ್ ಬಳಕೆ ಎಂಟು ಪಟ್ಟು, ಪ್ರವೇಶ ಧಾರಕತ್ವ ಎಂಟು ಪಟ್ಟು. ಆ ಧಾರಕತ್ವ ಅನುರಣನವನ್ನು ಕೆಳಗೆಳೆದು ಅವರು ಅಳೆಯಬೇಕಿರುವ ಪಟ್ಟಿಯ ನಡುವೆಯೇ ತಂದು ಕೂರಿಸುತ್ತದೆ.

ಗೇಟ್‌ವಾಸಿ · ಸೋಮವಾರ, ಬೆಳಿಗ್ಗೆ 10:52

ಅದು 1 ಕಿಲೋಹರ್ಟ್ಜ್‌ನ ಲೆಕ್ಕ. 10 ಹರ್ಟ್ಜ್‌ನಲ್ಲಿ 1/ಎಫ್ ನಾಯ್ಸ್ (ಆವರ್ತನ ಇಳಿದಂತೆ ಹೆಚ್ಚುವ ನಾಯ್ಸ್) ಏರಿರುತ್ತದೆ, ಅಲ್ಲಿ ಜೆಫೆಟ್ 3 ನ್ಯಾನೊವೋಲ್ಟ್‌ಗೂ ಹೋಗಬಹುದು. ಅಲ್ಲಿ ಸಮಾಂತರ ಜೋಡಣೆ ಉಪಯೋಗಕ್ಕೆ ಬರುತ್ತದೆ. ಅಲ್ಲದೆ ಬಾಹ್ಯಾಕಾಶದಲ್ಲಿ ಸಂವೇದಕ ನೆರಳಿನಲ್ಲಿದ್ದರೆ ತಣ್ಣಗಾಗುತ್ತದೆ. ಮೈನಸ್ 100 ಡಿಗ್ರಿಗೆ ಇಳಿದರೆ ತಾಮ್ರದ ರೋಧ ಹೆಚ್ಚುಕಡಿಮೆ ಅರ್ಧವಾಗುತ್ತದೆ, ತಾಪವೂ ಇಳಿದಿರುತ್ತದೆ. ಎರಡೂ ಸೇರಿ ತಂತಿಯ 4.5 ನ್ಯಾನೊವೋಲ್ಟ್ 2.5ಕ್ಕೆ ಬರುತ್ತದೆ. ಆಗ ವರ್ಧಕದ ಪಾಲು ಮತ್ತೆ ಎದ್ದು ಕಾಣುತ್ತದೆ.

ಮೂಲಹರ್ಟ್ಜ್ · ಸೋಮವಾರ, ಬೆಳಿಗ್ಗೆ 11:05

ತಂಪಿನ ಮಾತು ನಿಜ, ಅದನ್ನು ನಾನು ಗಮನಿಸಿರಲಿಲ್ಲ. 10 ಹರ್ಟ್ಜ್‌ನ ಮಾತೂ ನಿಜ. ಎರಡು ಜೋಡಿಯವರೆಗೆ ಒಪ್ಪುತ್ತೇನೆ. ಎಂಟು ಬೇಡ.

ಹೊಸಬ · ಸೋಮವಾರ, ಮಧ್ಯಾಹ್ನ 12:20

ತಿಳಿಯದೆ ಕೇಳುತ್ತಿದ್ದೇನೆ. ಮೊದಲ ಹಂತದಲ್ಲಿ ಸ್ವಲ್ಪ ನಾಯ್ಸ್ ಸೇರಿದರೂ ಮುಂದಿನ ಹಂತದಲ್ಲಿ ಇನ್ನಷ್ಟು ವರ್ಧಿಸಿ ಸರಿಪಡಿಸಲು ಆಗುವುದಿಲ್ಲವೇ?

ಫೆರೈಟ್‌ಪ್ರಿಯೆ · ಸೋಮವಾರ, ಮಧ್ಯಾಹ್ನ 12:34

ಆಗುವುದಿಲ್ಲ. ಮುಂದಿನ ಹಂತಕ್ಕೆ ಯಾವುದು ಸಂಕೇತ, ಯಾವುದು ನಾಯ್ಸ್ ಎಂಬುದು ಗೊತ್ತಿರುವುದಿಲ್ಲ. ಎರಡನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಮೊದಲ ಟ್ರಾನ್ಸಿಸ್ಟರಿನಲ್ಲಿ ಕಳೆದುಕೊಂಡದ್ದನ್ನು ಮುಂದಿನ ಹತ್ತು ಹಂತಗಳು ತಂದುಕೊಡಲಾರವು. ತದ್ವಿರುದ್ಧವಾಗಿ, ಮೊದಲ ಹಂತ ನೂರು ಪಟ್ಟು ವರ್ಧಿಸಿದರೆ ಎರಡನೇ ಹಂತದ ನಾಯ್ಸ್ ಪ್ರವೇಶಕ್ಕೆ ಹೋಲಿಸಿದಾಗ ನೂರನೇ ಒಂದು ಪಾಲಾಗುತ್ತದೆ. ಅದಕ್ಕೇ ಗೇಟ್‌ವಾಸಿಯವರು ಹಿಂದೆ ಸಾಧಾರಣ ಆಪ್ ಆಂಪ್ ಸಾಕು ಎಂದದ್ದು.

ನುಡಿನೋಟ · ಸೋಮವಾರ, ಮಧ್ಯಾಹ್ನ 1:10

ವಿಷಯದಿಂದ ಸ್ವಲ್ಪ ಸರಿಯುತ್ತೇನೆ, ಕ್ಷಮೆ ಇರಲಿ. ಎಲ್ಲರೂ ನಾಯ್ಸ್, ನಾಯ್ಸ್ ಎನ್ನುತ್ತಿದ್ದೀರಿ. ಪಠ್ಯಗಳಲ್ಲಿ ಇದನ್ನು ‘ಶಬ್ದ’ ಎಂದು ಬರೆಯುವವರಿದ್ದಾರೆ, ಅದು ನನಗೆ ಸ್ವಲ್ಪವೂ ಸರಿಕಾಣುವುದಿಲ್ಲ. ಶಬ್ದ ಎಂದರೆ ಕಿವಿಗೆ ಕೇಳುವುದು, ಇಲ್ಲವೇ ಪದ. ‘ಗದ್ದಲ’ ಎಂದರೆ ಏನು ತೊಂದರೆ? ಉಷ್ಣ ಗದ್ದಲ, ಪ್ರವಾಹದ ಗದ್ದಲ. ಒಳಗೆ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳಾಡುವ ಚಿತ್ರವೂ ಕಣ್ಣಿಗೆ ಬರುತ್ತದೆ.

ಬೆಸುಗೆಕಡ್ಡಿ · ಸೋಮವಾರ, ಮಧ್ಯಾಹ್ನ 1:18

ಗದ್ದಲ ಎಂದರೆ ಜೋರಾದದ್ದು. 4 ನ್ಯಾನೊವೋಲ್ಟನ್ನು ಗದ್ದಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಫೆರೈಟ್‌ಪ್ರಿಯೆ · ಸೋಮವಾರ, ಮಧ್ಯಾಹ್ನ 1:25

ಅಳೆಯಬೇಕಿರುವ ಸಂಕೇತ ಅದಕ್ಕಿಂತ ಚಿಕ್ಕದಾಗಿದ್ದಾಗ 4 ನ್ಯಾನೊವೋಲ್ಟ್ ನಿಜಕ್ಕೂ ಗದ್ದಲವೇ. ನಾನು ಇನ್ನು ಮುಂದೆ ಗದ್ದಲ ಎಂದೇ ಬರೆಯುತ್ತೇನೆ.

ದೂರದಂಡ · ಸೋಮವಾರ, ಮಧ್ಯಾಹ್ನ 3:40

ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳುತ್ತೇನೆ: ವರ್ಧಕವನ್ನು ಎಲ್ಲಿಡುತ್ತೀರಿ? ಸಂವೇದಕದ ಪಕ್ಕದಲ್ಲೋ, ಉಪಗ್ರಹದ ಹೊಟ್ಟೆಯಲ್ಲೋ?

ಕಾಂತ ಸಂವೇದಕಗಳನ್ನು ನೌಕೆಯಿಂದ ದೂರ ಚಾಚುವುದು ನೌಕೆಯದೇ ಕಾಂತಕ್ಷೇತ್ರದಿಂದ ತಪ್ಪಿಸಿಕೊಳ್ಳಲು. ವಾಯೇಜರ್‌ಗಳಲ್ಲಿ 13 ಮೀಟರ್, ಕ್ಯಾಸಿನಿಯಲ್ಲಿ 11 ಮೀಟರ್ ಉದ್ದದ ಚಾಚುದಂಡ ಇತ್ತು. 2023ರಲ್ಲಿ ಹಾರಿದ ಆದಿತ್ಯ ಎಲ್1ರ ಚಾಚುದಂಡ 6 ಮೀಟರ್, ಅದರ ತುದಿಯಲ್ಲೊಂದು ಮತ್ತು ನಡುವಿನಲ್ಲೊಂದು ಹೀಗೆ ಎರಡು ಫ್ಲಕ್ಸ್‌ಗೇಟ್ (ಸ್ಥಿರ ಕಾಂತಕ್ಷೇತ್ರವನ್ನೂ ಅಳೆಯಬಲ್ಲ ಸಂವೇದಕ) ಜೋಡಣೆಗಳಿವೆ. ಎರಡರ ವ್ಯತ್ಯಾಸ ನೋಡಿದರೆ ನೌಕೆಯ ಪಾಲೆಷ್ಟು, ಸೌರಮಾರುತದ ಪಾಲೆಷ್ಟು ಎಂದು ಬೇರ್ಪಡಿಸಬಹುದು. ದೂರ ಇಮ್ಮಡಿಯಾದರೆ ಕಾಂತದ ಪ್ರಭಾವ ಎಂಟನೇ ಒಂದಕ್ಕೆ ಇಳಿಯುತ್ತದೆ, ಒಂದೊಂದು ಮೀಟರಿಗೂ ಅಷ್ಟು ಬೆಲೆ.

ಈಗ ವರ್ಧಕವನ್ನು ನೌಕೆಯೊಳಗಿಟ್ಟು 5 ಮೀಟರ್ ಕೇಬಲ್ ಎಳೆದಿರಿ ಎಂದುಕೊಳ್ಳಿ. ಕೇಬಲ್ ಮೀಟರಿಗೆ 100 ಪಿಕೊಫ್ಯಾರಡ್ ಹಿಡಿದರೂ 500 ಸೇರಿತು. ನಿಮ್ಮ 3.7 ಕಿಲೋಹರ್ಟ್ಜ್ ಅನುರಣನ 1.8ಕ್ಕೆ ಕುಸಿಯುತ್ತದೆ. ವರ್ಧಕವನ್ನು ಸಂವೇದಕದ ಬುಡದಲ್ಲಿಟ್ಟರೆ ಆ ತೊಂದರೆ ಇಲ್ಲ, ಆದರೆ ಅಲ್ಲಿ ವಿಕಿರಣದಿಂದ ಕಾಪಾಡಲು ನೌಕೆಯ ಗೋಡೆ ಇಲ್ಲ, ಚಳಿ ವಿಪರೀತ. ಇನ್ನೊಂದು ಎಚ್ಚರಿಕೆ: ಹಲವು ಚಿಪ್‌ಗಳ ಕಾಲುಗಳು ಕೋವಾರ್ ಮಿಶ್ರಲೋಹದವು, ಅದು ಕಾಂತೀಯ. ನಿಕ್ಕಲ್ ಲೇಪವೂ ಹಾಗೆಯೇ. ಸಂವೇದಕದ ಪಕ್ಕದಲ್ಲಿಡುವ ಪ್ರತಿಯೊಂದು ಭಾಗವನ್ನೂ ಅಯಸ್ಕಾಂತಕ್ಕೆ ತೋರಿಸಿ ಪರೀಕ್ಷಿಸಿದ ಮೇಲೆಯೇ ಬೆಸುಗೆ ಹಾಕಿ. ಪರೀಕ್ಷೆಯ ನಂತರ ಅದರ ಕಾಂತತ್ವವನ್ನು ಅಳಿಸುವುದನ್ನೂ ಮರೆಯಬೇಡಿ.

ಕಾಂತಕುತೂಹಲಿ · ಸೋಮವಾರ, ಮಧ್ಯಾಹ್ನ 4:05

ನಮ್ಮ ಚಾಚುದಂಡ ಕೇವಲ 60 ಸೆಂಟಿಮೀಟರ್. ಆದರೂ ವರ್ಧಕವನ್ನು ಸಂವೇದಕದ ಬುಡದಲ್ಲೇ ಇಡುತ್ತೇವೆ. ಕಕ್ಷೆಯಲ್ಲಿ ಎರಡು ವರ್ಷ ಇರಬೇಕು. ವಿಕಿರಣಕ್ಕೆ ಜೆಫೆಟ್ ತಡೆಯುತ್ತದೆಯೇ?

ವಿಕಿರಣವೈದ್ಯ · ಸೋಮವಾರ, ಸಂಜೆ 6:12

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ.

ವಿಕಿರಣದ ಪೆಟ್ಟು ಮುಖ್ಯವಾಗಿ ಆಕ್ಸೈಡ್ ಪದರಕ್ಕೆ. ಅಲ್ಲಿ ವಿದ್ಯುದಂಶ ಸಿಕ್ಕಿಕೊಂಡು ಉಳಿಯುತ್ತದೆ. ಸಾಮಾನ್ಯ ಎಂಒಎಸ್ ಟ್ರಾನ್ಸಿಸ್ಟರಿನ ಗೇಟ್ ಕೆಳಗೆ ಆಕ್ಸೈಡ್ ಇರುವುದರಿಂದ ಅದರ ಮಿತಿ ವೋಲ್ಟೇಜ್ ಜರುಗುತ್ತದೆ, ಅಂಚುಗಳಲ್ಲಿ ಸೋರಿಕೆ ಶುರುವಾಗುತ್ತದೆ. ಜೆಫೆಟ್‌ಗೆ ಗೇಟ್ ಆಕ್ಸೈಡ್ ಇಲ್ಲ, ಅದರ ದೊಡ್ಡ ಬಲವೇ ಅದು. ಆದರೆ ಪೂರ್ಣ ನಿಶ್ಚಿಂತೆ ಬೇಡ. ಪ್ರೋಟಾನುಗಳು ಸಿಲಿಕಾನ್ ಪರಮಾಣುಗಳನ್ನು ಸ್ಥಳದಿಂದ ಕದಲಿಸುತ್ತವೆ. ಅದರಿಂದ ಕಡಿಮೆ ಆವರ್ತನದಲ್ಲಿ ಗುಡ್ಡದಂತೆ ಏಳುವ ಗದ್ದಲ ಬರಬಹುದು. ಗೇಟ್ ಸೋರಿಕೆಯೂ ಏರುತ್ತದೆ. ಸೋರಿಕೆ 1 ನ್ಯಾನೊಆಂಪಿಯರ್ ಮುಟ್ಟಿದರೆ ಅದರ ಗದ್ದಲ 18 ಫೆಮ್ಟೊಆಂಪಿಯರ್. ನಿಮ್ಮ 81 ಕಿಲೋಓಮ್‌ನಲ್ಲಿ ಅದು ಒಂದೂವರೆ ನ್ಯಾನೊವೋಲ್ಟ್ ಆಗುತ್ತದೆ. ತಡೆದುಕೊಳ್ಳಬಹುದು, ಆದರೆ ಲೆಕ್ಕದಲ್ಲಿ ಇಟ್ಟುಕೊಳ್ಳಲೇಬೇಕು.

ಜೆಫೆಟ್ ಹಿಂದೆ ಇಡುವ, ಬೈಪೋಲಾರ್ ಎಂಬ ಬಗೆಯ ಟ್ರಾನ್ಸಿಸ್ಟರುಗಳಿರುವ ಆಪ್ ಆಂಪ್ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. 1990ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದ ಸಂಗತಿ ಇದು: ಕೆಲವು ಬೈಪೋಲಾರ್ ಚಿಪ್‌ಗಳಿಗೆ ಅಷ್ಟೇ ಪ್ರಮಾಣದ ವಿಕಿರಣವನ್ನು ನಿಧಾನವಾಗಿ ಕೊಟ್ಟರೆ ವೇಗವಾಗಿ ಕೊಟ್ಟದ್ದಕ್ಕಿಂತ ಹೆಚ್ಚು ಹಾನಿಯಾಗುತ್ತದೆ. ಪ್ರಯೋಗಾಲಯದ ಪರೀಕ್ಷೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಬಾಹ್ಯಾಕಾಶ ವರ್ಷಗಟ್ಟಲೆ ನಿಧಾನವಾಗಿ ಸುಡುತ್ತದೆ. ವೇಗದ ಪರೀಕ್ಷೆಯಲ್ಲಿ ಪಾಸಾದ ಚಿಪ್ ಅಲ್ಲಿ ಸೋಲಬಹುದು. ನಿಧಾನ ದರದ ಪರೀಕ್ಷೆಯ ವರದಿ ಇಲ್ಲದ ಬೈಪೋಲಾರ್ ಚಿಪ್ಪನ್ನು ನಾನು ಎಂದೂ ಒಪ್ಪುವುದಿಲ್ಲ.

ಗೇಟ್‌ವಾಸಿ · ಸೋಮವಾರ, ಸಂಜೆ 6:30

ಸೋರಿಕೆಯ ಮಾತು ಬಂದದ್ದು ಒಳ್ಳೆಯದಾಯಿತು. ವಿಕಿರಣ ಇಲ್ಲದಿದ್ದರೂ ಎನ್ ಚಾನೆಲ್ ಜೆಫೆಟ್‌ನ ಡ್ರೈನ್ (ನಿರ್ಗಮನದ ತುದಿ) ವೋಲ್ಟೇಜ್ ಹೆಚ್ಚಿಸಿದರೆ ಗೇಟ್ ಪ್ರವಾಹ ಹತ್ತಾರು, ನೂರಾರು ಪಟ್ಟು ಜಿಗಿಯುತ್ತದೆ. ಮೇಲೊಂದು ಕ್ಯಾಸ್ಕೋಡ್ ಟ್ರಾನ್ಸಿಸ್ಟರ್ ಇಟ್ಟು ಡ್ರೈನನ್ನು ಕೆಲವೇ ವೋಲ್ಟ್‌ಗೆ ಕಟ್ಟಿಹಾಕಿ.

ಅದರಿಂದ ಇನ್ನೊಂದು ಲಾಭವಿದೆ. ಗೇಟ್ ಮತ್ತು ಡ್ರೈನ್ ನಡುವೆ 6 ಪಿಕೊಫ್ಯಾರಡ್ ಇದೆ ಎಂದುಕೊಳ್ಳಿ. ಹಂತದ ವರ್ಧನೆ 50 ಆದರೆ ಅದು ಪ್ರವೇಶದಲ್ಲಿ 306 ಪಿಕೊಫ್ಯಾರಡ್ ಆಗಿ ಕಾಣುತ್ತದೆ. ಕ್ಯಾಸ್ಕೋಡ್ ಇಲ್ಲದಿದ್ದರೆ ನಿಮ್ಮ ಅನುರಣನ 2.1 ಕಿಲೋಹರ್ಟ್ಜ್‌ಗೆ ಬಂದು ನಿಲ್ಲುತ್ತದೆ. ಕೇಬಲ್ ಚಿಕ್ಕದು ಮಾಡಿ ಉಳಿಸಿಕೊಂಡದ್ದನ್ನೆಲ್ಲ ಒಂದು ಟ್ರಾನ್ಸಿಸ್ಟರಿನಲ್ಲಿ ಕಳೆದುಕೊಂಡಂತೆ.

ಅರೆವಾಹಕಿ · ಸೋಮವಾರ, ರಾತ್ರಿ 8:02

ಸಿಎಂಒಎಸ್ (ಎಂಒಎಸ್ ಟ್ರಾನ್ಸಿಸ್ಟರುಗಳ ಚಿಪ್) ಎಂದರೆ ಮುಖ ತಿರುಗಿಸುವುದು ಹಳೆಯ ಅಭ್ಯಾಸ. 1/ಎಫ್ ಗದ್ದಲ ಟ್ರಾನ್ಸಿಸ್ಟರಿನ ವಿಸ್ತೀರ್ಣ ಹೆಚ್ಚಿದಂತೆ ಇಳಿಯುತ್ತದೆ. ಪ್ರವೇಶದ ಜೋಡಿಯನ್ನು ಬಹಳ ಅಗಲವಾದ ಪಿಎಂಒಎಸ್‌ನಿಂದ ಕಟ್ಟಿ, ಡ್ರೈನನ್ನು ಗೇಟ್ ಸುತ್ತುವರಿಯುವಂತೆ ವಿನ್ಯಾಸ ಮಾಡಿದರೆ ಅಂಚಿನ ಸೋರಿಕೆಯ ದಾರಿಯೇ ಮುಚ್ಚುತ್ತದೆ. 2023ರ ಏಪ್ರಿಲ್ 14ರಂದು ಗುರುಗ್ರಹದತ್ತ ಹೊರಟ ಜೂಸ್ ನೌಕೆಯ ಸುರುಳಿ ಸಂವೇದಕದಲ್ಲಿ ಇಂಥ ಚಿಪ್ ರೂಪದ ಪೂರ್ವವರ್ಧಕವೇ ಇದೆ. ಗುರುವಿನ ವಿಕಿರಣಕ್ಕೆ ಸಿದ್ಧವಾದದ್ದು ಭೂಕಕ್ಷೆಗೆ ಸಾಲದೇ?

ವಿಕಿರಣವೈದ್ಯ · ಸೋಮವಾರ, ರಾತ್ರಿ 8:15

ಸಾಲುತ್ತದೆ. ಆದರೆ ನಾಲ್ವರು ವಿದ್ಯಾರ್ಥಿಗಳು ತಮ್ಮದೇ ಚಿಪ್ ಮಾಡಿಸಿ, ಪರೀಕ್ಷಿಸಿ ಮುಗಿಸುವ ಹೊತ್ತಿಗೆ ಅವರ ಉಡಾವಣೆಯ ದಿನ ಕಳೆದುಹೋಗಿರುತ್ತದೆ. ಬಿಡಿ ಜೆಫೆಟ್ ಈ ವಾರವೇ ಬೆಸುಗೆ ಹಾಕಬಹುದು.

ಹೊಸಬ · ಸೋಮವಾರ, ರಾತ್ರಿ 8:40

1/ಎಫ್ ತೊಲಗಿಸಲು ಸಂಕೇತವನ್ನು ಸ್ವಿಚ್‌ಗಳಿಂದ ಹೊರಳಿಸಿ ಎತ್ತರದ ಆವರ್ತನಕ್ಕೆ ಒಯ್ದು ವರ್ಧಿಸುವ ಚಾಪರ್ ವರ್ಧಕ ಇದೆಯಲ್ಲ? ಅದನ್ನೇಕೆ ಯಾರೂ ಹೇಳುತ್ತಿಲ್ಲ?

ಮೂಲಹರ್ಟ್ಜ್ · ಸೋಮವಾರ, ರಾತ್ರಿ 9:05

ಒಳ್ಳೆಯ ಪ್ರಶ್ನೆ. ಚಾಪರ್ ಪ್ರವೇಶದಲ್ಲಿ ಸ್ವಿಚ್‌ಗಳಿರುತ್ತವೆ. ಪ್ರತಿ ಸಲ ಹೊರಳಿದಾಗಲೂ ಸ್ವಲ್ಪ ವಿದ್ಯುದಂಶವನ್ನು ಮೂಲದೊಳಕ್ಕೆ ಚಿಮ್ಮಿಸುತ್ತವೆ. ಮೂಲ 50 ಓಮ್ ಆಗಿದ್ದರೆ ಅದು ಕರಗಿಹೋಗುತ್ತದೆ. ಇಲ್ಲಿ ಎದುರಿಗಿರುವುದು 12 ಹೆನ್ರಿಯ ಸುರುಳಿ, ಚಿಮ್ಮಿದ್ದಕ್ಕೆ ಹೋಗಲು ದಾರಿಯಿಲ್ಲ. ಆ ಚಿಮ್ಮುಗಳೇ ಪ್ರವಾಹದ ಗದ್ದಲವಾಗಿ ಬದಲಾಗುತ್ತವೆ, ಅಂದರೆ ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು.

ಫ್ಲಕ್ಸ್‌ಗೇಟ್‌ನಲ್ಲಿ ಮಾತ್ರ ಕಥೆಯೇ ಬೇರೆ. ಅಲ್ಲಿ ಸಂವೇದಕದ ತಿರುಳೇ ಚಾಪರ್. ತಿರುಳನ್ನು 10 ಕಿಲೋಹರ್ಟ್ಜ್‌ನಲ್ಲಿ ಎರಡೂ ದಿಕ್ಕಿಗೆ ಪೂರ್ತಿ ಕಾಂತಗೊಳಿಸಿದರೆ ಹೊರಗಿನ ಸ್ಥಿರ ಕ್ಷೇತ್ರ 20 ಕಿಲೋಹರ್ಟ್ಜ್‌ನ ಸಂಕೇತವಾಗಿ ಹೊರಬರುತ್ತದೆ. ಅಷ್ಟು ಎತ್ತರದ ಆವರ್ತನದಲ್ಲಿ ವರ್ಧಕದ 1/ಎಫ್ ಯಾರಿಗೂ ಅಡ್ಡಿಯಾಗುವುದಿಲ್ಲ. ಸುರುಳಿಯೂ ಚಿಕ್ಕದು. ಕಾಂತಕುತೂಹಲಿಯವರ ಎಲ್‌ಟಿ1028 ಅಲ್ಲಿ ಚೆನ್ನಾಗಿಯೇ ಹೊಂದುತ್ತದೆ. ಅಲ್ಲಿ ಮಿತಿ ಹಾಕುವುದು ತಿರುಳಿನ ಕಾಂತೀಯ ಗದ್ದಲ.

ಹೊಸಬ · ಸೋಮವಾರ, ರಾತ್ರಿ 9:11

ಹಾಗಾದರೆ ಎಲ್ಲದಕ್ಕೂ ಫ್ಲಕ್ಸ್‌ಗೇಟ್ ಹಾಕಿದರಾಯಿತು!

ಫೆರೈಟ್‌ಪ್ರಿಯೆ · ಸೋಮವಾರ, ರಾತ್ರಿ 9:26

ಸ್ಥಿರ ಕ್ಷೇತ್ರ ಮತ್ತು ನಿಧಾನ ಬದಲಾವಣೆಗೆ ಅದೇ ಬೇಕು. ಭೂಮಿಯ ದೂರದಲ್ಲಿ ಸೌರಮಾರುತದ ಕ್ಷೇತ್ರ ಸಾಮಾನ್ಯವಾಗಿ 5 ನ್ಯಾನೊಟೆಸ್ಲಾ ಆಸುಪಾಸು, ಅದನ್ನು ಸುರುಳಿ ಕಾಣಲಾರದು. ಸುರುಳಿಗೆ ಬದಲಾವಣೆ ಮಾತ್ರ ಗೊತ್ತು. ಆದರೆ ಆವರ್ತನ ಏರಿದಂತೆ ಸುರುಳಿಯ ಸಂಕೇತವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಇವರ ಸುರುಳಿಯ ಲೆಕ್ಕ ಹಾಕಿದೆ, ದಂಡದ ಪಾರಗಮ್ಯತೆ (ಅದು ಕ್ಷೇತ್ರವನ್ನು ತನ್ನೊಳಗೆ ಹೆಚ್ಚಿಸುವ ಪ್ರಮಾಣ) 400 ಹಿಡಿದರೆ 10 ಹರ್ಟ್ಜ್‌ನಲ್ಲಿ ಒಂದು ಪಿಕೊಟೆಸ್ಲಾಕ್ಕೆ 6 ನ್ಯಾನೊವೋಲ್ಟ್, 1 ಕಿಲೋಹರ್ಟ್ಜ್‌ನಲ್ಲಿ 600 ನ್ಯಾನೊವೋಲ್ಟ್. ಕೆಲವು ಹರ್ಟ್ಜ್ ದಾಟಿದ ಮೇಲೆ ಫ್ಲಕ್ಸ್‌ಗೇಟ್ ಇದರ ಹತ್ತಿರವೂ ಸುಳಿಯುವುದಿಲ್ಲ. ಅದಕ್ಕೇ ನಾಸಾದ ಎಂಎಂಎಸ್ ಯೋಜನೆಯ ನಾಲ್ಕೂ ನೌಕೆಗಳಲ್ಲಿ ಎರಡೂ ಬಗೆಯವು ಇವೆ.

ಈಗಿನ 85 ನ್ಯಾನೊವೋಲ್ಟಿನಲ್ಲೂ 1 ಕಿಲೋಹರ್ಟ್ಜ್‌ನಲ್ಲಿ ಅವರದು 0.14 ಪಿಕೊಟೆಸ್ಲಾ ಕಾಣುವ ಸಂವೇದಕ. ಭೂಮಿಯ ಕ್ಷೇತ್ರ 50 ಮೈಕ್ರೊಟೆಸ್ಲಾ ಎಂದರೆ ಅದರ ಮೂವತ್ತೈದು ಕೋಟಿಯ ಒಂದು ಪಾಲು. ವಿದ್ಯಾರ್ಥಿಗಳೇ, ಎದೆಗುಂದಬೇಡಿ.

ಬೆಸುಗೆಕಡ್ಡಿ · ಸೋಮವಾರ, ರಾತ್ರಿ 9:50

ಸುರುಳಿ ಸಂವೇದಕದ ಮಾತು ಬಂದಾಗಲೆಲ್ಲ ನನಗೆ ಯುರೋಪಿನ ನಾಲ್ಕು ನೌಕೆಗಳ ಕ್ಲಸ್ಟರ್ ಯೋಜನೆ ನೆನಪಾಗುತ್ತದೆ. 1996ರ ಜೂನ್ 4ರಂದು ಮೊದಲ ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಚೂರಾಯಿತು. ನಾಲ್ಕೂ ನೌಕೆಗಳು, ಒಳಗಿದ್ದ ಸುರುಳಿಗಳು, ವರ್ಧಕಗಳು, ಯಾರೋ ಕೈಯಾರೆ ಸುತ್ತಿದ ಸಾವಿರಾರು ಸುತ್ತು ತಂತಿ, ಎಲ್ಲವೂ ಹೋಯಿತು. ಆ ತಂಡಗಳು ಮತ್ತೆ ಕುಳಿತು ಎಲ್ಲವನ್ನೂ ಕಟ್ಟಿದವು, 2000ದಲ್ಲಿ ಸೋಯುಜ್ ರಾಕೆಟ್‌ಗಳಲ್ಲಿ ಎರಡೆರಡಾಗಿ ಹಾರಿಸಿದವು. ಅದು ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿತು. ಬೆಸುಗೆ ಹಾಕುವಾಗ ಬೇಸರ ಬಂದರೆ ನಾನು ಇದನ್ನೇ ನೆನೆಸಿಕೊಳ್ಳುತ್ತೇನೆ.

ಗೇಟ್‌ವಾಸಿ · ಮಂಗಳವಾರ, ಬೆಳಿಗ್ಗೆ 7:55

ಮತ್ತೆ ವಿಷಯಕ್ಕೆ ಬರೋಣ. 3.7 ಕಿಲೋಹರ್ಟ್ಜ್‌ನ ಅನುರಣನದ ಶಿಖರವನ್ನು ಏನು ಮಾಡುತ್ತೀರಿ? ಹಾಗೇ ಬಿಟ್ಟರೆ ಅಲ್ಲಿ ವರ್ಧಕ ತುಂಬಿ ತುಳುಕುತ್ತದೆ. ಸುರುಳಿಗೆ ಅಡ್ಡಲಾಗಿ 280 ಕಿಲೋಓಮ್ ರೋಧಕ ಇಟ್ಟುಬಿಡಿ, ಶಿಖರ ಸಮತಟ್ಟಾಗುತ್ತದೆ. ಸರಳ ಉಪಾಯ.

ಮೂಲಹರ್ಟ್ಜ್ · ಮಂಗಳವಾರ, ಬೆಳಿಗ್ಗೆ 8:20

ಸರಳ, ಆದರೆ ತಪ್ಪು! ಆ ರೋಧಕಕ್ಕೂ ತನ್ನದೇ ಪ್ರವಾಹದ ಗದ್ದಲ ಇದೆ: 0.24 ಪಿಕೊಆಂಪಿಯರ್. 81 ಕಿಲೋಓಮ್‌ನಿಂದ ಗುಣಿಸಿದರೆ 1 ಕಿಲೋಹರ್ಟ್ಜ್‌ನಲ್ಲಿ 20 ನ್ಯಾನೊವೋಲ್ಟ್. ಜೆಫೆಟ್ ತಂದು 5ಕ್ಕೆ ಇಳಿಸಿದ್ದನ್ನು ಒಂದು ರೋಧಕದಿಂದ ನಾಲ್ಕು ಪಟ್ಟು ಏರಿಸಿದಂತಾಯಿತು.

ಇದಕ್ಕೆ ಫ್ಲಕ್ಸ್ ಹಿಂಪೂರಣವೇ ದಾರಿ. ಮುಖ್ಯ ಸುರುಳಿಯ ಮೇಲೆ 250 ಸುತ್ತಿನ ಇನ್ನೊಂದು ಚಿಕ್ಕ ಸುರುಳಿ ಸುತ್ತಿ. ನೂರು ಪಟ್ಟು ವರ್ಧಿಸಿದ ಸಂಕೇತವನ್ನು 470 ಕಿಲೋಓಮ್ ರೋಧಕದ ಮೂಲಕ ಅದಕ್ಕೆ ಹಿಂದಕ್ಕೆ ಕೊಡಿ. ಅದು ತಿರುಳಿನಲ್ಲಿ ವಿರುದ್ಧ ದಿಕ್ಕಿನ ಕ್ಷೇತ್ರ ಹುಟ್ಟಿಸುತ್ತದೆ. ಸುತ್ತುಗಳ ಅನುಪಾತ 60. ಮುಖ್ಯ ಸುರುಳಿಯ ಕಡೆಯಿಂದ ನೋಡಿದರೆ ಅದೂ 280 ಕಿಲೋಓಮ್ ಅಡ್ಡ ಇಟ್ಟಂತೆಯೇ ಕೆಲಸ ಮಾಡುತ್ತದೆ. ಆದರೆ ರೋಧಕದ ಗದ್ದಲ 60 ಪಟ್ಟು ಕುಗ್ಗಿ ಒಳಬರುತ್ತದೆ, 3 ಫೆಮ್ಟೊಆಂಪಿಯರ್ ಮಾತ್ರ. ಅಂದರೆ 20 ನ್ಯಾನೊವೋಲ್ಟಿನ ಜಾಗದಲ್ಲಿ ಕಾಲು ನ್ಯಾನೊವೋಲ್ಟ್.

ಗೇಟ್‌ವಾಸಿ · ಮಂಗಳವಾರ, ಬೆಳಿಗ್ಗೆ 8:31

ಲೆಕ್ಕ ಮಾಡಿ ನೋಡಿದೆ, ನೀವು ಹೇಳಿದ್ದೇ ಸರಿ. ನನ್ನ ರೋಧಕವನ್ನು ಹಿಂಪಡೆಯುತ್ತೇನೆ.

ದೂರದಂಡ · ಮಂಗಳವಾರ, ಬೆಳಿಗ್ಗೆ 9:14

ಪರೀಕ್ಷೆ ಮಾಡುವಾಗ ನೆಲದ ಕಂಪನದ ಬಗ್ಗೆ ಎಚ್ಚರ. ಸುರುಳಿ ಭೂಮಿಯ ಕ್ಷೇತ್ರದಲ್ಲಿ ಒಂದು ಮೈಕ್ರೊರೇಡಿಯನ್ ಅಲುಗಿದರೂ 50 ಪಿಕೊಟೆಸ್ಲಾ ಸುಳ್ಳು ಸಂಕೇತ ಹುಟ್ಟುತ್ತದೆ. ಒಂದು ಮೈಕ್ರೊರೇಡಿಯನ್ ಎಂದರೆ ಒಂದು ಕಿಲೋಮೀಟರ್ ಉದ್ದದ ಕೋಲಿನ ತುದಿ ಒಂದು ಮಿಲಿಮೀಟರ್ ಸರಿದಷ್ಟು. ನಾವು ಒಮ್ಮೆ ಬಯಲಿನಲ್ಲಿ ಇಡೀ ರಾತ್ರಿ ದಾಖಲಿಸಿದ್ದೆವು. 17 ಹರ್ಟ್ಜ್ ಬಳಿ ಒಂದು ಸುಂದರ ಗುಡ್ಡ ಕಂಡು ಕುಣಿದಾಡಿದೆವು. ಬೆಳಿಗ್ಗೆ ನೋಡಿದರೆ ಸಂವೇದಕದ ಆಸರೆ ಗಾಳಿಗೆ ಅದೇ ಆವರ್ತನದಲ್ಲಿ ನಡುಗುತ್ತಿತ್ತು. ಮರಳಿನಲ್ಲಿ ಹೂತ ಮೇಲೆ ಗುಡ್ಡ ಮಾಯವಾಯಿತು.

ಬೆಸುಗೆಕಡ್ಡಿ · ಮಂಗಳವಾರ, ಬೆಳಿಗ್ಗೆ 9:20

ಎಕ್ಸ್7ಆರ್ ಸೆರಾಮಿಕ್ ಧಾರಕಗಳೂ ಅಲುಗಿದರೆ ವೋಲ್ಟೇಜ್ ಹುಟ್ಟಿಸುತ್ತವೆ. ಸಂಕೇತದ ದಾರಿಯಲ್ಲಿ ಸಿ0ಜಿ ಅಥವಾ ಫಿಲ್ಮ್ ಧಾರಕ ಮಾತ್ರ ಇರಲಿ.

ಕಾಂತಕುತೂಹಲಿ · ಮೂರು ವಾರಗಳ ನಂತರ, ಶನಿವಾರ, ರಾತ್ರಿ 11:48

ಎಲ್ಲರಿಗೂ ವರದಿ ಒಪ್ಪಿಸಲು ಬಂದಿದ್ದೇನೆ. ನಾನೂ ಇನ್ನು ಗದ್ದಲ ಎಂದೇ ಬರೆಯುತ್ತೇನೆ.

ಎರಡು ಜೆಫೆಟ್ ಜೋಡಿ, ಮೇಲೆ ಕ್ಯಾಸ್ಕೋಡ್. 1 ಕಿಲೋಹರ್ಟ್ಜ್‌ನಲ್ಲಿ 85 ಇದ್ದದ್ದು ಈಗ 7 ನ್ಯಾನೊವೋಲ್ಟ್! 10 ಹರ್ಟ್ಜ್‌ನಲ್ಲೂ 7, ಅಂದರೆ ಸುಮಾರು 1.2 ಪಿಕೊಟೆಸ್ಲಾ. ಮೇಲ್ತುದಿಯಲ್ಲಿ ತಂತಿಯ 4.5ಕ್ಕಿಂತ ಹೆಚ್ಚಿರುವುದು ತಿರುಳಿನ ನಷ್ಟದಿಂದ ಇರಬಹುದೆಂದು ಊಹೆ, ಅದನ್ನು ಬೇರೆ ಫೆರೈಟ್‌ನಿಂದ ಪರೀಕ್ಷಿಸಬೇಕು.

ಹಿಂಪೂರಣದ ಸುರುಳಿಯನ್ನು ಮೊದಲ ಸಲ ತಿರುವುಮುರುವಾಗಿ ಜೋಡಿಸಿದ್ದೆವು. ವರ್ಧಕ ಅನುರಣನದಲ್ಲೇ ಊಳಿಡತೊಡಗಿತು. ಎರಡು ತಂತಿ ಅದಲುಬದಲು ಮಾಡಿದ ಕೂಡಲೇ ಶಿಖರ ಮಲಗಿತು. ಆ ಸಮತಟ್ಟಾದ ಗೆರೆಯನ್ನು ನೋಡುತ್ತ ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈಗ ಹೊಸ ಸಮಸ್ಯೆ. ಉಪಗ್ರಹದ ವಿದ್ಯುತ್ ಫಲಕಕ್ಕೆ ಜೋಡಿಸಿದರೆ 800 ಹರ್ಟ್ಜ್ ಬಳಿ ಒಂದು ಗೆರೆ ಬರುತ್ತದೆ. ಅರ್ಧ ಗಂಟೆಯಲ್ಲಿ ಅದು 760ಕ್ಕೆ ಜಾರಿತು. ಬ್ಯಾಟರಿಯಲ್ಲಿ ನಡೆಸಿದರೆ ಇಲ್ಲ. ಫಲಕದಲ್ಲಿ 800 ಹರ್ಟ್ಜ್‌ನದು ಏನೂ ಇಲ್ಲ, ಎರಡು ಡಿಸಿ–ಡಿಸಿ (ನೇರ ವಿದ್ಯುತ್ತಿನ ವೋಲ್ಟೇಜ್ ಬದಲಿಸುವ) ಪರಿವರ್ತಕಗಳಿವೆ, ಎರಡೂ 300 ಕಿಲೋಹರ್ಟ್ಜ್.

ಮೂಲಹರ್ಟ್ಜ್ · ಭಾನುವಾರ, ಬೆಳಿಗ್ಗೆ 6:30

ಎರಡೂ ನಿಖರವಾಗಿ 300 ಅಲ್ಲ. ಒಂದು 300.0 ಇದ್ದರೆ ಇನ್ನೊಂದು 300.8. ಅವುಗಳ ವ್ಯತ್ಯಾಸವೇ ನಿಮ್ಮ ಗೆರೆ, ಬಿಸಿಯಾದಂತೆ ಜಾರುತ್ತಿರುವುದೂ ಅದಕ್ಕೇ. ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿ. ವರ್ಧಕದ ವಿದ್ಯುತ್ ದಾರಿಯಲ್ಲಿ ರೋಧಕ ಮತ್ತು ಧಾರಕದ ಸೋಸುಕವನ್ನೂ ಇಡಿ. 300 ಕಿಲೋಹರ್ಟ್ಜ್‌ನಲ್ಲಿ ಯಾವ ಆಪ್ ಆಂಪ್ ಕೂಡ ವಿದ್ಯುತ್ ದಾರಿಯ ಗದ್ದಲವನ್ನು ಸರಿಯಾಗಿ ತಡೆಯುವುದಿಲ್ಲ.

ಫೆರೈಟ್‌ಪ್ರಿಯೆ · ಭಾನುವಾರ, ಬೆಳಿಗ್ಗೆ 7:12

7 ನ್ಯಾನೊವೋಲ್ಟ್ ಓದಿ ಬಹಳ ಸಂತೋಷವಾಯಿತು. ಉಳಿದ ಎರಡು ಅಕ್ಷಗಳನ್ನು ಸುತ್ತಿದ್ದೀರಾ? ಮೂರು ದಂಡಗಳನ್ನು ತೀರ ಹತ್ತಿರ ಇಟ್ಟರೆ ಒಂದರ ಹಿಂಪೂರಣದ ಕ್ಷೇತ್ರ ಇನ್ನೊಂದರೊಳಗೆ ನುಗ್ಗುತ್ತದೆ. ಬೆಸುಗೆ ಹಾಕುವ ಮೊದಲೇ ಅದನ್ನು ಅಳೆದುಬಿಡಿ.

ಕಾಂತಕುತೂಹಲಿ · ಭಾನುವಾರ, ಬೆಳಿಗ್ಗೆ 7:20

ಎರಡನೆಯದು 9,000 ಸುತ್ತಿನಲ್ಲಿದೆ. ಇವತ್ತು ಪರಿವರ್ತಕಗಳನ್ನು ಒಂದೇ ಗಡಿಯಾರಕ್ಕೆ ಕಟ್ಟಿ, ಸಂಜೆ ತಿಳಿಸುತ್ತೇನೆ.